ಹಳ್ಳದ ದಂಡೆಯ ಅಪ್ಪೆಮರ

(ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: ನಮ್ಮೂರ ಹಳ್ಳದ ದಂಡೆಯಲ್ಲಿದ್ದ ಹಳೇ ಅಪ್ಪೆಮರದ, ಅಂದರೆ ಕಾಡುಮಾವಿನ ಮರದ, ಕೊಂಬೆಗಳನ್ನೇ ಕಡಿದು ಉಪ್ಪಿನಕಾಯಿಗೆ ಮಿಡಿ ಒಯ್ದಿದ್ದಾರೆ. ಕಾಡಿನ ಮಿಡಿ ಕೊಯ್ಯುವುದನ್ನೇ ಸರ್ಕಾರ ನಿಷೇಧಿಸಬಾರದೇ? ಮನೆಮನೆಗೆ ಕಸಿ ಗಿಡ ಕೊಟ್ಟರೆ ಸಾಲದೇ?)

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಿಷೇಧದ ಮಾತನ್ನು ಮಾತ್ರ ಒಪ್ಪಲಾರೆವು. ಕಾಡಿನಲ್ಲಿ ಹಸಿ ಕೊಂಬೆ ಕಡಿಯುವುದು ಈಗಲೂ ತಪ್ಪೇ. ಆದರೂ ಕಡಿದರಲ್ವಾ? ಇನ್ನೊಂದು ಕಾನೂನು ಬಂದರೆ ಹೆದರುವುದು ವರ್ಷಕ್ಕೊಂದು ಭರಣಿ ಉಪ್ಪಿನಕಾಯಿ ಹಾಕುವ ಮನೆಯವರು, ರಾತ್ರಿ ಪಿಕಪ್ ತರುವವರಲ್ಲ.

ಮಿಡಿ ಕೊಯ್ಯುವುದು ನಿಧಾನದ ಕೆಲಸ. ತೊಟ್ಟು ಸಮೇತ ಬಿಡಿಸಬೇಕು, ಸೊನೆ ಸೋರಬಾರದು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ. ಅದಕ್ಕೇ ಬಲ್ಲವರು ಮರ ಹತ್ತಿ, ಕೈಯಲ್ಲಿ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುತ್ತಾರೆ. ಕೊಂಬೆಯನ್ನೇ ಕಡಿದು ಇಳಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಮುಂದಿನ ವರ್ಷ ಅಲ್ಲಿ ಮಿಡಿ ಇರುವುದಿಲ್ಲ ಅಂತ ಕಡಿದವನಿಗೂ ಗೊತ್ತು. ತಾನು ಬಿಟ್ಟರೆ ನಾಳೆ ಇನ್ನೊಬ್ಬ ಕಡಿಯುತ್ತಾನೆ ಅನ್ನುವುದೂ ಗೊತ್ತು. ಅವನ ಲೆಕ್ಕ ತಪ್ಪಿಲ್ಲ. ತೊಂದರೆ ಇರುವುದೇ ಅಲ್ಲಿ.

ಕಾಡಿನ ಹುಳಿಕಾಯಿ ಉಪ್ಪಾಗೆಗೂ ಇದೇ ಗತಿಯಾಗಿತ್ತು. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆ ಅದರ ಸಿಪ್ಪೆ ಬೇಕೆಂದು ಹೊರದೇಶದಿಂದ ಬೇಡಿಕೆ ಬಂತು. ಕಾಯಿ ಹಣ್ಣಾಗುವ ತನಕ ಕಾಯುವ ವ್ಯವಧಾನ ಹೋಯಿತು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಉರಿಸಿದ ಕಟ್ಟಿಗೆ ಬೇರೆ. (ಸುಮ್ನೆ ಕೊಟ್ಟ ಖಾಲಿ ಮಾತ್ರೆಗಿಂತ ಇದರಿಂದ ಜಾಸ್ತಿಯೇನೂ ತೂಕ ಇಳಿಯಲಿಲ್ಲ ಎಂದು 1998ರಲ್ಲಿ ಅಮೆರಿಕದ ಒಂದು ಪ್ರಯೋಗ ಹೇಳಿತು!)

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಜಪಾನಿನ ಹಳ್ಳಿಕಾಡುಗಳ ವಿಷಯ ಬರೆದಿದ್ದಾರೆ. ಬಳಸುವವರೇ ಕಟ್ಟಳೆ ಮಾಡಿಕೊಂಡು, ತಾವೇ ಕಾವಲು ನಿಂತು, ಮೊದಲ ತಪ್ಪಿಗೆ ಸಣ್ಣ ದಂಡ ಹಾಕಿದ ಕಡೆಗಳಲ್ಲಿ ಊರ ಸೊತ್ತು ತಲೆಮಾರುಗಟ್ಟಲೆ ಉಳಿದಿದೆ.

ನಿಮ್ಮೂರಲ್ಲೂ ಮಿಡಿ ಕಚ್ಚುವ ಮೊದಲೇ ಕೂತು ಮಾತಾಡಿ. ಕೊಯ್ಲು ಯಾವ ದಿನದಿಂದ, ಹಣ್ಣಿಗೆ ಬಿಡುವ ಕೊಂಬೆ ಯಾವುದು, ಕತ್ತಿ ಹಿಡಿದು ಹೋದವರಿಗೆ ದಂಡ ಎಷ್ಟು ಅಂತ ತೀರ್ಮಾನಿಸಿ. ಹಳ್ಳದ ಆಚೆ ದಂಡೆಯವರನ್ನೂ ಕರೆಯಿರಿ. ಅವರನ್ನು ಬಿಟ್ಟು ಮಾಡಿದ ಕಟ್ಟಳೆ ಒಂದು ಹಂಗಾಮೂ ಬಾಳುವುದಿಲ್ಲ. ಕಾವಲಿಗೆ ದುಡ್ಡು ಎಲ್ಲಿಂದ ಅನ್ನುತ್ತೀರಾ? 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ವ್ಯಾಪಾರಕ್ಕೆ ಒಯ್ಯುವವರಿಂದ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಶುಲ್ಕ ಪಡೆಯಬಹುದು. ಎಷ್ಟೋ ಕಡೆ ಈ ಸಮಿತಿ ಕಾಗದದ ಮೇಲಷ್ಟೇ ಇರುತ್ತದೆ. ನಿಮ್ಮಲ್ಲಿ ಹೇಗಿದೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ.

ಕಸಿ ಗಿಡ ಖಂಡಿತ ನೆಡಿ. ಗೊರಟಿನಿಂದ ಎದ್ದ ಗಿಡಕ್ಕೆ ತಾಯಿಮರದ ಪರಿಮಳ ಬರುತ್ತದೆಂಬ ಭರವಸೆಯಿಲ್ಲ, ಕಸಿಯಲ್ಲಿ ಬರುತ್ತದೆ. ಆದರೆ ಕಸಿ ಉಳಿಸುವುದು ಈಗಾಗಲೇ ಇರುವ ಮರವನ್ನು. ಜೀರಿಗೆ ವಾಸನೆಯದು, ಕರ್ಪೂರದ ವಾಸನೆಯದು ಅಂತ ಬಗೆಬಗೆಯ ಅಪ್ಪೆಗಳು ಹುಟ್ಟಿದ್ದು ಬಿದ್ದ ಹಣ್ಣಿನ ಗೊರಟಿನಿಂದ. ಎಲ್ಲವನ್ನೂ ಮಿಡಿಯಲ್ಲೇ ಕೊಯ್ದರೆ ಗೊರಟು ಎಲ್ಲಿಂದ ಬರಬೇಕು? ಇನ್ನು, ಕಸಿಗೆ ಕಡ್ಡಿ ಕೇಳಿ ಬರುವವರಿಗೂ ನಿಮ್ಮ ಕಟ್ಟಳೆ ಅನ್ವಯಿಸಲಿ. ಹೆಸರು ಮಾಡಿದ ಮರಕ್ಕೆ ಅವರ ಕಾಟವೂ ಕಡಿಮೆಯೇನಲ್ಲ.

– ಸಂ.