ಉದ್ದದ ಬಾಗಿಲು ಹಿಡಿಯೋಕೆ ನಾವೇ ಮಾಡಿಕೊಳ್ಳುವ ಆಸರೆ

7 ಅಡಿ ಬಾಗಿಲ ಅಂಚಿಗೆ ತೋಪಡ (ಮರ ಹೆರೆದು ನುಣುಪು ಮಾಡುವ ಸಾಧನ) ಹೊಡೆಯುವಾಗ ವೈಸ್ (ಮರವನ್ನು ಬಿಗಿಹಿಡಿಯುವ ಬೆಂಚಿನ ಇಕ್ಕಳ) ಇಲ್ಲದ ತುದಿ ಜೋತು ಬೀಳುತ್ತದೆ, ಏನು ಮಾಡೋದು ಅಂತ ಕೇಳಿದ್ದೀರಿ. ಇದಕ್ಕೆ ಇನ್ನೊಬ್ಬರು ರೋಲರ್ ಸ್ಟ್ಯಾಂಡ್ (ತಲೆಯಲ್ಲಿ ಉರುಳೆ ಇರುವ ಆಸರೆ) ತಗೊಳ್ಳಿ ಅಂದಿದ್ದಾರೆ. ದಯವಿಟ್ಟು ಬೇಡ. ಅದು ಮೆಷಿನ್‌ಗೆ ಮರ ಕೊಡುವಾಗ ಸರಿ. ತೋಪಡ ತಳ್ಳುವಾಗ ಮರ ಅಲುಗಲೇಬಾರದು, ರೋಲರ್ ಇರೋದೇ ಮರ ಜಾರಲಿ ಅಂತ.

3 ಅಡಿ ಅಗಲದ ಬಾಗಿಲಾದರೆ ಬೆಂಚಿನ ಗೊಡವೆಯೇ ಬೇಡ. ನೆಲದ ಮೇಲೆ ಉದ್ದದ ಅಂಚಿನಲ್ಲಿ ನಿಲ್ಲಿಸಿದರೆ ಮೇಲಿನ ಅಂಚು ಸೊಂಟದ ಹತ್ತಿರ ಬರುತ್ತದೆ. ಬೀಳದಂತೆ ಹಿಡಿಯೋಕೆ ಎರಡು ಸ್ಟ್ಯಾಂಡ್ ಸಾಕು. ಒಂದೊಂದಕ್ಕೂ 18 ಇಂಚು ಉದ್ದ, 4 ಇಂಚು ಅಗಲದ 12 ಮಿ.ಮೀ. ಪ್ಲೈ ಪಟ್ಟಿ ಬೇಕು. ಪಟ್ಟಿಯ ಎರಡು ತುದಿಗೂ ಅಡಿಯಲ್ಲಿ ಮುಕ್ಕಾಲು ಇಂಚಿನ ರೀಪು ಹೊಡೆಯಿರಿ. ಆಗ ನಡುಭಾಗ ನೆಲಕ್ಕೆ ತಾಗಲ್ಲ. ಮೇಲೆ ನಡುವಿನಲ್ಲಿ 6 ಇಂಚು ಎತ್ತರದ ಎರಡು ಮರದ ಗಟ್ಟಿಗಳನ್ನು ಎದುರುಬದುರು ನಿಲ್ಲಿಸಿ, ಕೆಳಗಿನಿಂದ ಸ್ಕ್ರೂ ಹಾಕಿ. ಬಾಗಿಲು ಕೂರುವುದು ಈ ಎರಡು ಗಟ್ಟಿಗಳ ನಡುವಿನ ಸಂದಿನಲ್ಲಿ. ಅವುಗಳ ಒಳಮೈಗೆ ಹಳೇ ಸೈಕಲ್ ಟ್ಯೂಬ್ ಅಂಟಿಸಿ. ಟ್ಯೂಬ್ ಅಂಟಿಸಿದ ಮೇಲೂ ಬಾಗಿಲ ದಪ್ಪಕ್ಕಿಂತ ಸಂದು 2–3 ಮಿ.ಮೀ. ಜಾಸ್ತಿ ಇರಬೇಕು.

ಸ್ಟ್ಯಾಂಡನ್ನು ಬಾಗಿಲಿಗೆ ಅಡ್ಡಲಾಗಿಟ್ಟು ಬಾಗಿಲು ಇಳಿಸಿ ನೋಡಿ. ಭಾರಕ್ಕೆ ಪ್ಲೈ ನಡುವೆ ಬಗ್ಗುತ್ತದೆ, ಎರಡೂ ಗಟ್ಟಿಗಳ ತಲೆ ಒಳಕ್ಕೆ ವಾಲಿ ಬಾಗಿಲನ್ನು ಕಚ್ಚಿಕೊಳ್ಳುತ್ತವೆ. ಎತ್ತಿದರೆ ತಾನಾಗೇ ಬಿಡುತ್ತವೆ. ಎಷ್ಟು ಚೆಂದದ ಉಪಾಯ ಅಲ್ವಾ! ಬಾಗಿಲು ಹಗುರವಾಗಿ ಪ್ಲೈ ಬಗ್ಗದಿದ್ದರೆ 9 ಮಿ.ಮೀ. ಹಾಕಿ. ತೋಪಡ ಹೋಗುವ ದಿಕ್ಕಿನ ತುದಿಯನ್ನು ಗೋಡೆಗೆ ಒತ್ತಿಡಿ, ನಡುವೆ ಗೋಣಿಚೀಲ ಮಡಚಿಟ್ಟರೆ ಆಯಿತು.

ಮಂಚದ ಪಕ್ಕದ ಪಟ್ಟಿ, ಕಿಟಕಿ ಚೌಕಟ್ಟಿನಂಥ ಕಡಿಮೆ ಅಗಲದವನ್ನು ಮಾತ್ರ ವೈಸ್‌ಗೆ ಹಾಕಿ, ಇನ್ನೊಂದು ತುದಿಗೆ ಗೂಟದ ಕಂಬ ಕೊಡಿ, ಅಂದರೆ ತೂತಿಗೆ ಸಿಕ್ಕಿಸಿದ ಗೂಟದ ಮೇಲೆ ಮರದ ತುದಿ ಕೂರುವ ಕಂಬ. 2×3 ಇಂಚಿನ ಕಂಬ, ಬೆಂಚಿಗಿಂತ ಒಂದೆರಡು ಇಂಚು ಗಿಡ್ಡ. ಅದಕ್ಕೆ ಮುಕ್ಕಾಲು ಇಂಚಿನ ತೂತು ಎರಡು ಸಾಲು, ಒಂದೊಂದು ಸಾಲಲ್ಲಿ 2 ಇಂಚಿಗೊಂದು. ಒಂದು ಸಾಲನ್ನು 1 ಇಂಚು ಕೆಳಗಿಂದ ಶುರು ಮಾಡಿ, ಆಗ ಇಂಚಿಂಚಿಗೂ ಎತ್ತರ ಸಿಗುತ್ತದೆ. ಗೂಟದ ಮೂತಿ ಸ್ವಲ್ಪ ಮೇಲಕ್ಕೆ ಇರುವಂತೆ ತೂತು ಓರೆಯಾಗಿ ಕೊರೆಯಿರಿ, ಮರ ಹೊರಕ್ಕೆ ಜಾರಲ್ಲ. ಗೂಟಕ್ಕೆ ಮತ್ತಿ, ಹೊನ್ನೆಯಂಥ ಗಟ್ಟಿ ಮರವೇ ಬೇಕು.

ಕಂಬದ ಮುಂಮೈ ವೈಸ್‌ನ ಒಳದವಡೆಯ (ಬೆಂಚಿನ ಕಡೆಯ ದವಡೆ) ಸಾಲಿಗೇ ಇರಬೇಕು. ಕಂಬ ಅರ್ಧ ಇಂಚು ಮುಂದೆ ಬಂದರೂ ಮರ ಬಿಲ್ಲಿನ ಹಾಗೆ ಬಗ್ಗಿ ನಿಲ್ಲುತ್ತದೆ. ವೈಸ್ ಬಿಚ್ಚಿದ ಮೇಲೆ ನೋಡಿದರೆ ಅಂಚು ನೇರ ಇರಲ್ಲ. ಉದ್ದದ ನೂಲು ಹಿಡಿದು ನೋಡಿ, ಆಮೇಲೆ ಕಂಬವನ್ನು ಬೆಂಚಿನ ಕಾಲಿಗೆ ಕ್ಲಾಂಪ್ ಮಾಡಿ.

ನಿಮ್ಮ ಬಾಗಿಲ ದಪ್ಪ ಎಷ್ಟು ಅಂತ ಹಾಕಿ, ಸಂದಿನ ಅಳತೆ ಲೆಕ್ಕ ಮಾಡಿ ಹೇಳುತ್ತೇನೆ.