ಅಲ್ಪವಿರಾಮ ತಿದ್ದುವ ಮಗಳು

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: “ವಿದ್ಯಾರ್ಥಿಗಳೇ ನಡೆಸುವ ಕಾನೂನು ಜರ್ನಲ್‌ಗಳನ್ನು ಹೋದ ಸಂಚಿಕೆಯಲ್ಲಿ ಹೊಗಳಿದ್ದೀರಿ. ನನ್ನ ಮಗಳು ಎರಡನೇ ವರ್ಷದ ಕಾನೂನು ಓದುತ್ತಿದ್ದಾಳೆ. ಅಂಥದ್ದೊಂದು ಜರ್ನಲ್ ಸೇರಿಕೊಂಡು ರಾತ್ರಿ ಎರಡರವರೆಗೂ ಯಾರದೋ ಲೇಖನದ ಅಲ್ಪವಿರಾಮ ತಿದ್ದುತ್ತಾಳೆ. ಪುಕ್ಕಟೆ ಕತ್ತೆ ಚಾಕರಿ. ಡಿಗ್ರಿಯೇ ಮುಗಿಯದ ಮಕ್ಕಳು ಪ್ರೊಫೆಸರರ ಲೇಖನ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಸರಿಯೇ? ಬಿಟ್ಟುಬಿಡು ಅನ್ನಲೇ?”

ಪ್ರಿಯ ಓದುಗರೇ,

ಮೊದಲು ಆ ತೀರ್ಮಾನದ ವಿಷಯ. ಹಾರ್ವರ್ಡ್‌ನ ಕಾನೂನು ವಿದ್ಯಾರ್ಥಿಗಳು ‘ಹಾರ್ವರ್ಡ್ ಲಾ ರಿವ್ಯೂ’ ಶುರು ಮಾಡಿದ್ದು 1887ರಲ್ಲಿ. ಮೂರು ವರ್ಷ ಕಳೆದು 1890ರಲ್ಲಿ ಬಾಸ್ಟನ್‌ನ ಇಬ್ಬರು ವಕೀಲರು, ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿಸ್ ಬ್ರಾಂಡೈಸ್, ಅದರಲ್ಲೊಂದು ಲೇಖನ ಬರೆದರು. ಮನುಷ್ಯನಿಗೆ ಖಾಸಗಿತನದ ಹಕ್ಕಿದೆ ಅನ್ನುವುದು ಅವರ ವಾದ. ಮನೆಯೊಳಗಿನ ಮಾತನ್ನು ಪತ್ರಿಕೆಗಳು ಬೀದಿಗೆ ತರುತ್ತಿವೆ ಅನ್ನುವುದು ಅವರ ಸಿಟ್ಟು. (ನಮ್ಮ ಕಸುಬಿನ ಮೇಲೇ ಸಿಟ್ಟು, ಇರಲಿ.) ಇತ್ತ ನಮ್ಮ ದೇಶದಲ್ಲಿ, 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟರು. ವಿದ್ಯಾರ್ಥಿಗಳ ಜರ್ನಲ್‌ನಲ್ಲಿ ಬಂದ ಆ ಹಳೇ ಲೇಖನದ ಚರ್ಚೆ ಆ ತೀರ್ಪಿನೊಳಗಿದೆ.

ಹಾಗಂತ ವಿದ್ಯಾರ್ಥಿಗಳು ಆರಿಸಿದ್ದೆಲ್ಲ ಚಿನ್ನವಲ್ಲ. ತೆರಿಗೆ, ಕಂಪನಿ ಕಾನೂನಿನ ಜಟಿಲ ಲೇಖನ ತೂಗಲು ಇಪ್ಪತ್ತರ ವಯಸ್ಸಿನವರಿಗೆ ಕಷ್ಟವೇ. ದೊಡ್ಡ ಹೆಸರು ಕಂಡರೆ ಮಣಿಯುವುದೂ ಉಂಟು. ಲೇಖಕರ ಹೆಸರು ಮುಚ್ಚಿ ಓದುವುದು, ಹೊರಗಿನ ತಜ್ಞರಿಗೂ ಕಳಿಸುವುದು ಇದಕ್ಕೆ ಮದ್ದು. ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನ ರಿವ್ಯೂ ಕೂಡ ವಿದ್ಯಾರ್ಥಿಗಳೇ ಸಂಪಾದಿಸುವಂಥದ್ದು, ಆದರೆ ತಜ್ಞರ ಪರಿಶೀಲನೆಯೂ ಇದೆ. ಇಷ್ಟರ ಮಟ್ಟಿಗೆ ನಿಮ್ಮ ಅನುಮಾನ ನ್ಯಾಯವೇ.

ಇನ್ನು ಕತ್ತೆ ಚಾಕರಿ. ಇಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಅಲ್ಪವಿರಾಮ ಆ ಕೆಲಸದ ಹೊರಮೈ ಅಷ್ಟೇ. ಲೇಖನದಲ್ಲಿ ‘ಖಾಸಗಿತನದ ಬಗ್ಗೆ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ’ ಅಂತ ಒಂದು ಸಾಲು, ಕೆಳಗೆ ಒಂದು ಅಡಿಟಿಪ್ಪಣಿ ಇರುತ್ತದೆ ಅಂದುಕೊಳ್ಳಿ. ಅದು ಪುಟ್ಟಸ್ವಾಮಿ ತೀರ್ಪೇ ಇರಲಿ. 547 ಪುಟ, ಬೇರೆ ಬೇರೆಯಾಗಿ ಬರೆದ ಆರು ಅಭಿಪ್ರಾಯಗಳು. ತಿದ್ದುವವಳು ಆ ಪ್ಯಾರಾ ತೆರೆದು ನೋಡಬೇಕು. ಅದು ನಾಲ್ವರು ನ್ಯಾಯಮೂರ್ತಿಗಳ ಪರವಾಗಿ ಬರೆದದ್ದೋ, ಒಬ್ಬರೇ ಬರೆದದ್ದೋ? ಅದು ನ್ಯಾಯಮೂರ್ತಿಯ ನಿರ್ಧಾರವೋ, ಅಥವಾ ಸರ್ಕಾರಿ ವಕೀಲರು ಹೀಗೆ ವಾದಿಸಿದರು ಎಂದು ಅವರು ದಾಖಲಿಸಿದ್ದೋ? ಇನ್ನೊಂದು ಬಲೆ ಹೆಡ್‌ನೋಟ್. ತೀರ್ಪಿನ ಮೇಲೆ ಅಚ್ಚಾಗುವ ಸಾರಾಂಶವನ್ನು ಬರೆಯುವವರು ತೀರ್ಪುಗಳ ವರದಿ ಪ್ರಕಟಿಸುವವರು, ನ್ಯಾಯಮೂರ್ತಿ ಅಲ್ಲ. ಅದನ್ನೇ ತೀರ್ಪು ಅಂತ ಎತ್ತಿ ಬರೆಯುವ ಹಿರಿಯರೂ ಇದ್ದಾರೆ. ಇದನ್ನು ಹಿಡಿಯಲು ಡಿಗ್ರಿ ಬೇಕಿಲ್ಲ, ಪುಟ ತೆರೆದು ನೋಡುವ ಹಟ ಬೇಕು. ಮುಂದೆ ನಿಮ್ಮ ಮಗಳು ಕೋರ್ಟಿನಲ್ಲಿ ನಿಂತಾಗ ಎದುರು ವಕೀಲರು ಒಂದು ತೀರ್ಪನ್ನು ಮುಂದಿಟ್ಟರೆ ಅವಳು ಮೊದಲು ಮಾಡುವುದೂ ಇದನ್ನೇ.

ಉಲ್ಲೇಖದ ನಿಯಮಗಳ ಹುಚ್ಚು ಮಾತ್ರ ಅತಿಯಾಗಿದೆ, ನಿಜ. ತೀರ್ಪು, ಪುಸ್ತಕಗಳನ್ನು ಹೇಗೆ ಉಲ್ಲೇಖಿಸಬೇಕು ಅಂತ ಹೇಳುವ ಅಮೆರಿಕದ ‘ಬ್ಲೂಬುಕ್’ 1926ರಲ್ಲಿ 26 ಪುಟದ ಕೈಪಿಡಿಯಾಗಿತ್ತು. 2010ರ ಆವೃತ್ತಿ 500 ಪುಟ ದಾಟಿತ್ತು. ಚುಕ್ಕಿ ಎಲ್ಲಿ, ಓರೆ ಅಕ್ಷರ ಎಲ್ಲಿ ಅಂತ ಜಗಳವಾಡಿ ಯಾರಿಗೆ ಏನು ಬಂತು?

ಆದ್ದರಿಂದ ಬಿಟ್ಟುಬಿಡು ಅನ್ನುವ ಮೊದಲು ಎರಡು ವಿಷಯ ವಿಚಾರಿಸಿ. ಮೂಲ ತೀರ್ಪು ತೆರೆದು ನೋಡುವ ಕೆಲಸ ಅವಳಿಗೆ ಕೊಡುತ್ತಾರಾ? ಲೇಖನ ಆರಿಸುವ ಸಭೆಯಲ್ಲಿ ಕಿರಿಯರನ್ನೂ ಕೂರಿಸಿಕೊಳ್ಳುತ್ತಾರಾ? ಎರಡಕ್ಕೂ ‘ಇಲ್ಲ’ ಅಂದರೆ ನಿಮ್ಮ ಮಾತೇ ಸರಿ, ಬೇರೆ ಜರ್ನಲ್ ನೋಡಿಕೊಳ್ಳಲಿ. ಬರೀ ಬಯೋಡೇಟಾದಲ್ಲಿ ಒಂದು ಸಾಲಿಗೋಸ್ಕರ ಸುಮ್ನೆ ನಿದ್ದೆಗೆಡುವುದು ಬೇಡ. ‘ಹೌದು’ ಅಂದರೆ ಮುಂದುವರಿಯಲಿ. ರಾತ್ರಿ ಎರಡರ ಬಗ್ಗೆ ಮಾತ್ರ ನಾನೂ ನಿಮ್ಮ ಪಕ್ಷವೇ. ಹನ್ನೊಂದಕ್ಕೆ ದೀಪ ಆರಿಸು ಅಂತ ನೀವು ಹೇಳಿದರೆ ಯಾವ ಜರ್ನಲ್ಲೂ ಮುಳುಗಿಹೋಗುವುದಿಲ್ಲ.

– ಸಂಪಾದಕ