ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿ ಕೆಲಸ

ಪ್ರಶ್ನೆ: ಕಾಮರ್ಸ್‌ನಲ್ಲಿ ಹನ್ನೆರಡನೇ ಕ್ಲಾಸ್ ಮುಗಿದಿದೆ. ಮನೆ ಹತ್ತಿರದ ದಂತವೈದ್ಯರು ‘ಸಹಾಯಕಿಯಾಗಿ ಬಾ, ಕಲಿಸುತ್ತೇನೆ’ ಎನ್ನುತ್ತಿದ್ದಾರೆ. ಕೋರ್ಸ್ ಇಲ್ಲದೆ ಸೇರಬಹುದೇ? ಮುಂದೆ ಹೈಜಿನಿಸ್ಟ್ (ಪೇಷಂಟ್‌ಗಳ ಹಲ್ಲು ಕ್ಲೀನ್ ಮಾಡುವವಳು) ಆಗಬಹುದೇ?
– ಓದುಗಿ, ಡೊಂಬಿವಲಿ

ಉತ್ತರ: ಸೇರಬಹುದು. ಖಾಸಗಿ ಕ್ಲಿನಿಕ್ಕುಗಳಲ್ಲಿ ಬಹಳಷ್ಟು ಸಹಾಯಕಿಯರು ಕಲಿಯುವುದೇ ಹಾಗೆ. ಹೈಜಿನಿಸ್ಟ್ ದಾರಿ ಬೇರೆ. ಅದು ಎರಡು ವರ್ಷದ ಡಿಪ್ಲೊಮಾ; ಹನ್ನೆರಡರಲ್ಲಿ ವಿಜ್ಞಾನ ಓದಿರಬೇಕು, ರಾಜ್ಯದ ದಂತವೈದ್ಯಕೀಯ ಕೌನ್ಸಿಲ್‌ನಲ್ಲಿ ನೋಂದಣಿಯೂ ಆಗಬೇಕು. ನೋಂದಣಿಯಿಲ್ಲದ ನಿಮಗೆ ‘ಈ ಪೇಷಂಟ್‌ಗೆ ಕ್ಲೀನಿಂಗ್ ಮಾಡಿಬಿಡು’ ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ಹೂಂ ಅನ್ನುವ ಮುಂಚೆ ಕ್ಲಿನಿಕ್ಕಿನ ಹಿಂದಿನ ಕೋಣೆ ನೋಡಿ ಬನ್ನಿ. ನಿಮ್ಮ ಅರ್ಧ ದಿನ ಕಳೆಯುವುದು ಅಲ್ಲೇ. ಉಪಕರಣ ತೊಳೆಯಲು ದಪ್ಪ ರಬ್ಬರ್ ಗ್ಲೌಸ್ ಇದೆಯೇ? ಸೂಜಿ ಹಾಕಲು ಬಿಳಿ ಡಬ್ಬಿ ಇದೆಯೇ? ಆಟೋಕ್ಲೇವ್ (ಒತ್ತಡದ ಹಬೆಯಿಂದ ಉಪಕರಣದ ಕ್ರಿಮಿ ಕೊಲ್ಲುವ ಯಂತ್ರ) ದಿನಾ ಓಡುತ್ತದೆಯೇ, ಅಥವಾ ಬಿಸಿನೀರಿನಲ್ಲೇ ಮುಗಿಸುತ್ತಾರೆಯೇ? ಬಿಸಿನೀರಾದರೆ ಬೇರೆ ಕ್ಲಿನಿಕ್ ಹುಡುಕಿ.

ಕುಕ್ಕರಿನಲ್ಲಿ ಹಬೆ ಬಂದಮೇಲೆ ತಾನೇ ವೇಟ್ ಇಡುವುದು? ಆಟೋಕ್ಲೇವ್‌ನಲ್ಲೂ ಒಳಗಿನ ಗಾಳಿ ಪೂರ್ತಿ ಹೊರಹೋಗಬೇಕು. ಉಪಕರಣ ಹಾಕಿದ ಕಾಗದದ ಪೊಟ್ಟಣಗಳನ್ನು ತುರುಕಿದರೆ ನಡುವೆ ಗಾಳಿ ಉಳಿದು ಅಲ್ಲಿಗೆ ಹಬೆ ತಲುಪುವುದಿಲ್ಲ. ಅಡ್ಡ ಪೇರಿಸದೆ, ತಟ್ಟೆ ಸ್ಟ್ಯಾಂಡಿನಲ್ಲಿ ತಟ್ಟೆ ಇಟ್ಟಂತೆ ನಿಲ್ಲಿಸಿ. ಸಾಧಾರಣ ಯಂತ್ರದಲ್ಲಿ ಪೊಟ್ಟಣಕ್ಕೆ 121 ಡಿಗ್ರಿಯಲ್ಲಿ 30 ನಿಮಿಷ. ಎಣಿಕೆ ಆ ಬಿಸಿ ಮುಟ್ಟಿದ ಮೇಲೆ. ರಕ್ತ ಒಣಗಿ ಅಂಟಿದ್ದರೆ ಎಷ್ಟು ಹೊತ್ತು ಇಟ್ಟರೂ ವ್ಯರ್ಥ, ಮೊದಲು ತಿಕ್ಕಿ ತೊಳೆಯಬೇಕು. ಒದ್ದೆ ಪೊಟ್ಟಣ ಕೈಗೆತ್ತಿಕೊಳ್ಳಬೇಡಿ: ನೆನೆದ ಕಾಗದದ ಮೂಲಕ ಕ್ರಿಮಿ ಒಳಗಿಳಿಯುತ್ತದೆ. ಪೊಟ್ಟಣಕ್ಕೆ ಅಂಟಿಸಿದ ಟೇಪಿನ ಬಣ್ಣ ಬದಲಾದರೆ ಪೊಟ್ಟಣಕ್ಕೆ ಬಿಸಿ ತಗಲಿದೆ ಎಂದಷ್ಟೇ ಅರ್ಥ, ಒಳಗಿನದು ಶುದ್ಧವಾಯಿತು ಎಂದಲ್ಲ.

ರಕ್ತದಿಂದ ಹರಡುವ ಯಕೃತ್ತಿನ ಕಾಯಿಲೆ ಹೆಪಟೈಟಿಸ್ ಬಿ; ಅದರ ಲಸಿಕೆ ಇವತ್ತೇ ಶುರುಮಾಡಿ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಅದಾಗಿ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ. ರಿಪೋರ್ಟಿನಲ್ಲಿ ಆಂಟಿಬಾಡಿ (ರೋಗ ತಡೆಯುವ ಅಂಶ) 10 mIU/ml ಗಿಂತ ಕಡಿಮೆಯಿದ್ದರೆ ವೈದ್ಯರನ್ನು ಕಾಣಿ. ಖರ್ಚು ಕ್ಲಿನಿಕ್ಕೇ ಕೊಡಬೇಕು, ಸಂಕೋಚಪಡದೆ ಕೇಳಿ.

ಪ್ರಶ್ನೆ: ಹಲ್ಲಿನ ಅಳತೆ ತೆಗೆಯುವಾಗ ನಾನು ಕಲಸಿದ ಅಲ್ಜಿನೇಟ್ (ಅಚ್ಚು ತೆಗೆಯುವ ಪುಡಿ) ಪೇಷಂಟ್ ಬಾಯಿಗೆ ಹೋಗುವ ಮೊದಲೇ ಗಟ್ಟಿಯಾಗುತ್ತದೆ. ಡಾಕ್ಟರ್ ಬೈಯುತ್ತಾರೆ.
– ಓದುಗಿ, ಕೋಥ್ರೂಡ್, ಪುಣೆ

ಉತ್ತರ: ತಪ್ಪು ನಿಮ್ಮ ಕೈಯದ್ದಲ್ಲ, ನಲ್ಲಿಯದ್ದು ಇರಬೇಕು. ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರು ಕಾದಿರುತ್ತದೆ; ನೀರು ಬಿಸಿಯಾದಷ್ಟೂ ಅಲ್ಜಿನೇಟ್ ಬೇಗ ಹಿಡಿಯುತ್ತದೆ. ಕುಡಿಯುವ ನೀರನ್ನು ಫ್ರಿಜ್ಜಿನಲ್ಲಿಟ್ಟು, 20ರಿಂದ 23 ಡಿಗ್ರಿಗೆ ತಂದು ಬಳಸಿ. ಬಟ್ಟಲಿಗೆ ಮೊದಲು ನೀರು, ಆಮೇಲೆ ಪುಡಿ. ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ 45 ಸೆಕೆಂಡು ಕಲಸಿ, ಗುಳ್ಳೆ ಒಡೆಯುತ್ತದೆ. ಅಚ್ಚನ್ನು ಬಾಯಿಂದ ತೆಗೆದ ಮೇಲೆ ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ, ಹಾಗೇ ಬಿಟ್ಟರೆ ಕುಗ್ಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷದೊಳಗೆ ಪ್ಲಾಸ್ಟರ್ ಸುರಿಯಿರಿ.